ರಾಷ್ಟ್ರಧ್ವಜ ಕಟ್ಟುವುದು, ಏರಿಸುವುದು, ಇಳಿಸುವುದು: ಕಾಸರಗೋಡಿನ ಶಾಲೆ, ಸಂಘಗಳಿಗೆ ಸಮಗ್ರ ಮಾರ್ಗದರ್ಶಿ

ಆಗಸ್ಟ್ 15 ಕಳೆದ ಮೇಲೆ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಕೇಳಿಬರುವ ದೂರುಗಳು ಮೂರೇ. ಹಗ್ಗ ಎಷ್ಟು ಎಳೆದರೂ ಧ್ವಜ ಬಿಚ್ಚಿಕೊಳ್ಳಲಿಲ್ಲ. ಬಿಚ್ಚಿಕೊಂಡಿತು, ಆದರೆ ಹಸಿರು ಮೇಲಾಯಿತು. ಸರಿಯಾಗಿಯೇ ಹಾರಿತು, ಆದರೆ ಇಳಿಸಲು ಯಾರೂ ಬರಲಿಲ್ಲ. ಮರುದಿನ ಮಳೆಯಲ್ಲಿ ನೆನೆದು ಕಂಬಕ್ಕೆ ಅಂಟಿಕೊಂಡಿತ್ತು. ಮೂರಕ್ಕೂ ಮೂಲ ಒಂದೇ. ಮುನ್ನಾದಿನ ಸಂಜೆ ಮುಗಿಯಬೇಕಾದ ಕೆಲಸವನ್ನು ಮರುದಿನ ಬೆಳಿಗ್ಗೆ, ಅತಿಥಿಗಳ ಕಾರು ಗೇಟಿನೊಳಗೆ ಬರುವ ಹೊತ್ತಿಗೆ ಶುರುಮಾಡುತ್ತೇವೆ.

ನಿಯಮಗಳು ಎರಡು ಕಡೆ ಇವೆ. ಹೇಗೆ ಹಾರಿಸಬೇಕು ಎಂಬುದನ್ನು ಭಾರತದ ಧ್ವಜ ಸಂಹಿತೆ, 2002 ಹೇಳುತ್ತದೆ. ಸಾರ್ವಜನಿಕ ಸ್ಥಳದಲ್ಲಿ ಧ್ವಜಕ್ಕೆ ಅವಮಾನ ಮಾಡಿದರೆ ಮೂರು ವರ್ಷದವರೆಗೆ ಸಜೆ, ದಂಡ ಅಥವಾ ಎರಡೂ ಎಂದು 1971ರ ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆ ಹೇಳುತ್ತದೆ. ಕಾಯ್ದೆಗೆ ಹೆದರಿ ಧ್ವಜ ಹಾರಿಸುವುದನ್ನೇ ಬಿಡಬೇಕಾಗಿಲ್ಲ. ಕೆಳಗಿನ ಕ್ರಮ ಹಿಡಿದರೆ ಸಾಕು.

ಬೇಕಾಗುವ ಸಾಮಾನುಗಳು

ಧ್ವಜ. ಕಂಬ. ಕಂಬದ ತುದಿಗೆ ತಿರುಗುವ ರಾಟೆ. ಕಂಬದ ಎರಡು ಪಟ್ಟಿಗಿಂತ ಐದಾರು ಅಡಿ ಹೆಚ್ಚು ಉದ್ದದ ಹಗ್ಗ. ಬುಡದಿಂದ ನಾಲ್ಕಡಿ ಎತ್ತರದಲ್ಲಿ ಹಗ್ಗ ಸುತ್ತಿ ಕಟ್ಟಲು ಒಂದು ಕೊಕ್ಕೆ. ಧ್ವಜ ಹರಡಲು ಒಗೆದ ಬಟ್ಟೆ ಹಾಸಿದ ಮೇಜು. ಕೆಂಪು ನೂಲಿನ ತುಂಡು. ಅಭ್ಯಾಸಕ್ಕೆ ಒಂದು ಬೈರಾಸು, ಅಂದರೆ ಮೈ ಒರೆಸುವ ಬಟ್ಟೆ. ಕೊನೆಯ ಎರಡನ್ನು ಯಾರೂ ಪಟ್ಟಿಯಲ್ಲಿ ಬರೆಯುವುದಿಲ್ಲ. ಮಾನ ಉಳಿಸುವುದು ಅವೇ.

ಹಂತ 1: ಇಬ್ಬರ ಹೆಸರು ಬರೆದಿಡಿ

ಕಾರ್ಯಕ್ರಮ ಪಟ್ಟಿಯಲ್ಲಿ ಅಧ್ಯಕ್ಷರು, ವಾರ್ಡು ಸದಸ್ಯರು, ರಕ್ಷಕ ಶಿಕ್ಷಕ ಸಂಘದ ಪದಾಧಿಕಾರಿಗಳು, ಸ್ವಾಗತ, ವಂದನಾರ್ಪಣೆ, ಪಾಯಸ ಬಡಿಸುವವರು ಎಲ್ಲರೂ ಇರುತ್ತಾರೆ. ಧ್ವಜ ಕಟ್ಟುವವರು ಯಾರು, ಸಂಜೆ ಇಳಿಸುವವರು ಯಾರು ಎಂಬುದು ಮಾತ್ರ ಇರುವುದಿಲ್ಲ. ಮೊದಲು ಈ ಎರಡು ಹೆಸರು ಬರೆಯಿರಿ, ಉಳಿದದ್ದು ಆಮೇಲೆ.

ಕಟ್ಟುವವರು ಒಬ್ಬರೇ ಇರಲಿ. ನಾಲ್ಕು ಜನ ಸೇರಿ ಕಟ್ಟಿದ ಗಂಟಿಗೆ ಯಾರೂ ಹೊಣೆಯಲ್ಲ. ಇಳಿಸುವವರು ಕಂಬದ ಹತ್ತಿರದಲ್ಲೇ ಮನೆ ಇರುವವರಾಗಲಿ. ಆಗಸ್ಟ್ 15ರಂದು ಹತ್ತು ಗಂಟೆಗೆ ಗೇಟು ಮುಚ್ಚಿ ಬದಿಯಡ್ಕದ ಬಸ್ಸು ಹಿಡಿದವರು ಸಂಜೆ ಆರೂವರೆಗೆ ಧ್ವಜಕ್ಕೆಂದೇ ಮರಳಿ ಬರುತ್ತಾರೆ ಎಂದು ನಂಬಿಕೊಂಡು ಕೂರಬೇಡಿ.

ಹಂತ 2: ಧ್ವಜವನ್ನು ಪರೀಕ್ಷಿಸಿ ಕೊಳ್ಳಿ

ಉದ್ದ ಮತ್ತು ಎತ್ತರದ ಪ್ರಮಾಣ 3:2 ಇರಬೇಕು. ಗಾತ್ರ ದೊಡ್ಡದಾಗಲಿ ಚಿಕ್ಕದಾಗಲಿ ಈ ಪ್ರಮಾಣ ಬದಲಾಗುವುದಿಲ್ಲ. 15ರಿಂದ 20 ಅಡಿ ಎತ್ತರದ ಕಂಬಕ್ಕೆ 900×600 ಅಥವಾ 1350×900 ಮಿಲಿಮೀಟರಿನ ಧ್ವಜ ಹೊಂದುತ್ತದೆ. ಇನ್ನೂ ಎತ್ತರದ ಕಂಬವಿದ್ದರೆ 1800×1200. ಚಿಕ್ಕ ಕಂಬಕ್ಕೆ ದೊಡ್ಡ ಧ್ವಜ ಕಟ್ಟಿದರೆ ಗಾಳಿ ಇಲ್ಲದಾಗ ತುದಿ ಕಟ್ಟೆಗೆ ತಾಗುತ್ತದೆ. ಧ್ವಜ ನೆಲಕ್ಕೆ ಸೋಕಕೂಡದು, ನೀರಿನಲ್ಲಿ ಎಳೆಯಕೂಡದು ಎಂಬುದು ಸಂಹಿತೆಯ ಸ್ಪಷ್ಟ ಮಾತು.

ಅಂಗಡಿಯಲ್ಲಿಯೇ ಬಿಡಿಸಿ ನೋಡಿ. ಮೂರು ಪಟ್ಟಿಗಳ ಅಗಲ ಒಂದೇ ಆಗಿರಬೇಕು. ಚಕ್ರ ಬಿಳಿ ಪಟ್ಟಿಯ ನಟ್ಟನಡುವೆ, ಕಡುನೀಲಿಯಲ್ಲಿ, ಎರಡೂ ಬದಿಯಲ್ಲಿ ಕಾಣುವಂತೆ ಇರಬೇಕು. ಅರೆಗಳನ್ನು ಎಣಿಸಿ: 24. ಅಗ್ಗದ ಧ್ವಜಗಳಲ್ಲಿ ಚಕ್ರ ಮೊಟ್ಟೆಯ ಹಾಗೆ ಚಪ್ಪಟೆಯಾಗಿರುತ್ತದೆ, ಅರೆಗಳು ಕಡಿಮೆ ಇರುತ್ತವೆ. 900×600 ಅಳತೆಯ ಧ್ವಜದಲ್ಲಿ ಚಕ್ರದ ಅಡ್ಡಳತೆ 185 ಮಿಲಿಮೀಟರ್, 1350×900ರಲ್ಲಿ 280, 1800×1200ರಲ್ಲಿ 370. ಚೀಲದಲ್ಲಿ ಅಳತೆಪಟ್ಟಿ ಇಟ್ಟುಕೊಂಡು ಹೋದರೆ ಅಂಗಡಿಯವರು ನಗಬಹುದು, ನಗಲಿ.

ಬಟ್ಟೆ ಯಾವುದು? 2021ರ ಡಿಸೆಂಬರ್ ತಿದ್ದುಪಡಿಯ ಬಳಿಕ ಕೈನೂಲು ಮತ್ತು ಕೈಮಗ್ಗದ ಬಟ್ಟೆಯ ಜೊತೆಗೆ ಯಂತ್ರದಲ್ಲಿ ತಯಾರಿಸಿದ್ದಕ್ಕೂ ಪಾಲಿಯೆಸ್ಟರಿಗೂ ಅವಕಾಶವಿದೆ. ಹತ್ತಿ, ಉಣ್ಣೆ, ರೇಷ್ಮೆ, ಖಾದಿ ಮೊದಲಿನಿಂದಲೂ ಇವೆ. ಅಳತೆ, ಬಣ್ಣ ಎರಡರಲ್ಲೂ ಕಣ್ಣುಮುಚ್ಚಿ ನಂಬಬಹುದಾದದ್ದು ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದ ಐಎಸ್‌ಐ ಗುರುತಿನ ಖಾದಿ ಧ್ವಜ. ಬೆಲೆ ಹೆಚ್ಚು. ನನ್ನ ಸಲಹೆ: ಜನವರಿಗೆ ಖಾದಿ, ಆಗಸ್ಟಿಗೆ ಪಾಲಿಯೆಸ್ಟರ್. ನಮ್ಮ ಕರಾವಳಿಯ ಆಗಸ್ಟ್ ಮಳೆಯಲ್ಲಿ ಖಾದಿ ನೀರು ಕುಡಿದು ಭಾರವಾಗುತ್ತದೆ, ಸಾಧಾರಣ ಗಾಳಿಗೆ ಅಲುಗುವುದೂ ಇಲ್ಲ. ಪಾಲಿಯೆಸ್ಟರ್ ಬೇಗ ಒಣಗುತ್ತದೆ.

ಧ್ವಜದ ಮೇಲೆ ಸಂಘದ ಹೆಸರು, ದಾನಿಗಳ ಹೆಸರು, ವರ್ಷ ಏನನ್ನೂ ಬರೆಸಬಾರದು. ಚೀಲದ ಮೇಲೆ ಬರೆಯಿರಿ.

ಹಂತ 3: ಕಂಬ, ರಾಟೆ, ತಂತಿ

ಮೊದಲು ತಲೆ ಎತ್ತಿ ನೋಡಿ. ವಿದ್ಯುತ್ ತಂತಿ ಎಲ್ಲಿ ಹಾದುಹೋಗಿದೆ? ಕಂಬ ಪೂರ್ತಿ ಅಡ್ಡಬಿದ್ದರೂ ತಂತಿಗೆ ತಾಗದಷ್ಟು ದೂರ ಇರಬೇಕು. ನಮ್ಮ ಕಡೆ ಹೆಚ್ಚಿನ ಸಂಘಗಳು ಬಳಸುವುದು ಕಬ್ಬಿಣದ ಪೈಪನ್ನು. ಅದನ್ನು ಎತ್ತಿ ನಿಲ್ಲಿಸುವಾಗ, ವಾಲಿಸಿ ಇಳಿಸುವಾಗ ತುದಿ ಎತ್ತ ಹೋಗುತ್ತದೆ ಎಂಬುದು ಬುಡ ಹಿಡಿದವನಿಗೆ ಕಾಣುವುದಿಲ್ಲ. ಇಂತಹ ಕಂಬ ತಂತಿಗೆ ತಗಲಿ ಜೀವ ಹೋದದ್ದು ಈ ಜಿಲ್ಲೆಯಲ್ಲಿಯೇ ಇದೆ. ಜಾಗ ಸಾಲದಿದ್ದರೆ ಕಂಬದ ಜಾಗವನ್ನೇ ಬದಲಿಸಿ. ಬೇರೆ ದಾರಿ ಇಲ್ಲದಿದ್ದರೆ ಮೊದಲೇ ವಿದ್ಯುತ್ ಮಂಡಳಿಯ ಸೆಕ್ಷನ್ ಕಚೇರಿಗೆ ಹೋಗಿ ಮಾತನಾಡಿ. ಮಳೆಯಲ್ಲಿ ನೆನೆದ ಅಡಿಕೆ ಮರದ ಕಂಬಕ್ಕೂ ಬಿದಿರಿಗೂ ಇದೇ ಮಾತು ಅನ್ವಯಿಸುತ್ತದೆ. ಮರ ಎಂದು ಮೈಮರೆಯಬೇಡಿ.

ಆಮೇಲೆ ಬುಡ. ಆಗಸ್ಟ್ ತಿಂಗಳಲ್ಲಿ ಮಣ್ಣು ಮೆತ್ತಗಾಗಿರುತ್ತದೆ. ತಾತ್ಕಾಲಿಕ ಕಂಬಕ್ಕೆ ಕನಿಷ್ಠ ಎರಡೂವರೆ ಅಡಿ ಗುಂಡಿ ತೋಡಿ, ಕೆಂಪು ಕಲ್ಲಿನ ಚೂರುಗಳನ್ನು ಸುತ್ತ ಜಡಿದು, ನೀರು ನಿಲ್ಲದಂತೆ ಮಣ್ಣು ಏರಿಸಿ. ಕಳೆದ ವರ್ಷದ ಅಡಿಕೆ ಮರವನ್ನೇ ಮತ್ತೆ ನೆಡುವುದಾದರೆ ಮಣ್ಣಿನೊಳಗಿದ್ದ ಭಾಗಕ್ಕೆ ಕತ್ತಿಯಿಂದ ಕುಟ್ಟಿ ನೋಡಿ. ಗೆದ್ದಲು ತಿಂದಿದ್ದರೆ ಟೊಳ್ಳು ಸದ್ದು ಕೇಳಿಸುತ್ತದೆ.

ರಾಟೆ ಸಣ್ಣ ಸಾಮಾನು, ಎಲ್ಲ ಅವಾಂತರದ ತವರು. ಉಪ್ಪಳ, ಕುಂಬಳೆಯ ಕಡಲ ಗಾಳಿಗೆ ಕಬ್ಬಿಣದ ರಾಟೆ ಒಂದು ಮಳೆಗಾಲದಲ್ಲಿ ತುಕ್ಕು ಹಿಡಿದು ನಿಲ್ಲುತ್ತದೆ. ನೆಡುವ ಮೊದಲು ಬೆರಳಿನಿಂದ ತಿರುಗಿಸಿ. ಗರಗರ ಎಂದರೆ ಬದಲಿಸಿ, ಬಿಗಿ ಎನಿಸಿದರೆ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ರಾಟೆಗೂ ಅದರ ಕೋಶಕ್ಕೂ ನಡುವೆ ಹಗ್ಗ ಜಾರಿ ಕೂರುವಷ್ಟು ಸಂದು ಇದ್ದರೆ ಅದು ಖಂಡಿತ ಕೂರುತ್ತದೆ, ಅತಿಥಿಗಳು ಎಳೆಯುವಾಗಲೇ ಕೂರುತ್ತದೆ. ಹಗ್ಗವನ್ನು ಸ್ವಲ್ಪ ದಪ್ಪದ್ದಕ್ಕೆ ಬದಲಿಸಿ ಅಥವಾ ಬೇರೆ ರಾಟೆ ತನ್ನಿ. ರಾಟೆ ಇಲ್ಲದೆ ಬಳೆಯೊಳಗೆ ಹಗ್ಗ ತೂರಿಸಿ ಮಾಡುವ ಏರ್ಪಾಡು ಒಣ ದಿನದಲ್ಲಿ ನಡೆದೀತು, ಮಳೆಯಲ್ಲಿ ನಡೆಯುವುದಿಲ್ಲ.

ಹತ್ತಿಯ ಹಗ್ಗ ನೆನೆದರೆ ಉಬ್ಬಿ ಗಂಟು ಬಿಗಿಯುತ್ತದೆ. ನೈಲಾನ್ ಹಗ್ಗ ಜಾರುತ್ತದೆ, ಸಡಿಲ ಗಂಟು ತಾನಾಗಿಯೇ ಬಿಚ್ಚುತ್ತದೆ. ಆಗಸ್ಟಿಗೆ ನೈಲಾನೇ ಇರಲಿ, ಆದರೆ ಗಂಟನ್ನು ಎರಡು ಸುತ್ತು ಹಾಕಿ.

ಹಂತ 4: ಕೇಸರಿಗೆ ಏರುವ ಹಗ್ಗ

ಧ್ವಜ ತಲೆಕೆಳಗಾಗುವುದು ಅಜ್ಞಾನದಿಂದಲ್ಲ, ಅವಸರದಿಂದ. ಕೇಸರಿ ಮೇಲೆ, ಬಿಳಿ ನಡುವೆ, ಹಸಿರು ಕೆಳಗೆ ಎಂದು ಒಂದನೆಯ ತರಗತಿಯ ಮಗುವಿಗೂ ಗೊತ್ತು. ಆದರೆ ಮಡಚಿದ ಬಟ್ಟೆಯಲ್ಲಿ ಯಾವ ಮೂಲೆ ಯಾವುದು ಎಂದು ನೋಡದೆ ಕೈಗೆ ಸಿಕ್ಕಿದ ಹಗ್ಗಕ್ಕೆ ಕಟ್ಟಿಬಿಡುತ್ತೇವೆ.

ಹೀಗೆ ಮಾಡಿ. ರಾಟೆಯ ಮೇಲೆ ಹಾದುಬಂದ ಹಗ್ಗದ ಎರಡು ತುದಿಗಳೂ ಕೈಯಲ್ಲಿವೆ. ಒಂದು ತುದಿಯನ್ನು ಹಿಡಿದುಕೊಂಡು ರಾಟೆಯ ಆಚೆ ಬದಿಯ ಹಗ್ಗವನ್ನು ಎಳೆಯಿರಿ. ಕೈಯಲ್ಲಿದ್ದ ತುದಿ ಮೇಲಕ್ಕೆ ಹೋಗುತ್ತದೆ ತಾನೆ? ಅದೇ ಏರುವ ತುದಿ. ಧ್ವಜದ ಕೇಸರಿ ಮೂಲೆಯ ಕುಣಿಕೆಯನ್ನು ಅದಕ್ಕೇ ಕಟ್ಟಿ. ಹಸಿರು ಮೂಲೆಗೆ ಇನ್ನೊಂದು ತುದಿ, ಅಂದರೆ ಧ್ವಜದಿಂದ ಕೆಳಕ್ಕೆ ನೆಲದವರೆಗೆ ಇಳಿಬೀಳುವ ಹಗ್ಗ.

ಅಂಗಡಿಯ ಧ್ವಜಗಳಲ್ಲಿ ಕೆಲವಕ್ಕೆ ಮರದ ಗುಂಡಿ, ಕೆಲವಕ್ಕೆ ಬರೀ ಕುಣಿಕೆ, ಇನ್ನು ಕೆಲವಕ್ಕೆ ಎರಡು ಲಾಡಿ ಇರುತ್ತವೆ. ಗುಂಡಿ ಎಲ್ಲಿದೆ ಎಂದು ನೋಡಿ ಕಟ್ಟಬೇಡಿ. ಬಣ್ಣ ನೋಡಿ ಕಟ್ಟಿ. ಕಟ್ಟಿದ ಮೇಲೆ ಒಂದು ಅಡಿಯಷ್ಟು ಏರಿಸಿ, ಬಟ್ಟೆ ಬಿಡಿಸಿ, ಕಣ್ಣಾರೆ ನೋಡಿ. ಪಕ್ಕದವರಿಗೂ ತೋರಿಸಿ.

ಎರಡು ಮೂಲೆಗಳ ನಡುವೆ ಬಟ್ಟೆ ಬಿಗಿಯಾಗಿ ನಿಲ್ಲಬೇಕು. ಕೆಳಗಿನ ಹಗ್ಗ ಸಡಿಲವಿದ್ದರೆ ಧ್ವಜ ಮೇಲಿನ ಮೂಲೆಯೊಂದರಿಂದಲೇ ಜೋತು, ಗಾಳಿಗೆ ಕಂಬಕ್ಕೆ ಸುತ್ತಿಕೊಳ್ಳುತ್ತದೆ. ಕಂಬಕ್ಕೆ ಸುತ್ತಿದ ಧ್ವಜ ಕಂಡರೆ ಕಾರಣ ಹುಡುಕಲು ಮೇಲೆ ನೋಡಬೇಡಿ, ಬುಡದ ಕೊಕ್ಕೆಯಲ್ಲಿ ಕೆಳಗಿನ ಹಗ್ಗ ಹೇಗಿದೆ ನೋಡಿ.

ಹಂತ 5: ಹೂವಿನ ಕಟ್ಟು ಬೇಕೇ? ಬೇಕಾದರೆ ಹೀಗೆ

ಆಗಸ್ಟ್ 15ರಂದು ಧ್ವಜವನ್ನು ಬುಡದಿಂದ ತುದಿಗೆ ಏರಿಸುತ್ತಾರೆ, ಅದು ಧ್ವಜಾರೋಹಣ. ಜನವರಿ 26ರಂದು ತುದಿಯಲ್ಲಿ ಮೊದಲೇ ಕಟ್ಟಿಟ್ಟದ್ದನ್ನು ಬಿಚ್ಚುತ್ತಾರೆ, ಅದು ಧ್ವಜ ಅನಾವರಣ. ದೆಹಲಿಯಲ್ಲಿ ಕೆಂಪುಕೋಟೆಯಲ್ಲಿ ಪ್ರಧಾನಿ ಮಾಡುವುದು ಮೊದಲನೆಯದು, ಕರ್ತವ್ಯಪಥದಲ್ಲಿ ರಾಷ್ಟ್ರಪತಿ ಮಾಡುವುದು ಎರಡನೆಯದು. ಆಮಂತ್ರಣ ಪತ್ರಿಕೆಯಲ್ಲಿಯೂ ಹಾಗೆಯೇ ಅಚ್ಚು ಮಾಡಿಸಿ. ನಮ್ಮಲ್ಲಿ ಎರಡೂ ದಿನ ಧ್ವಜದೊಳಗೆ ಎಸಳಿಟ್ಟು ಹೂವಿನ ಕಟ್ಟು ಕಟ್ಟುವುದೇ ರೂಢಿಯಾಗಿದೆ. ಆಗಸ್ಟಿನ ಮಳೆಯಲ್ಲಿ ಕಟ್ಟು ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಬಿಡಿಸಿದ ಧ್ವಜವನ್ನೇ ಏರಿಸಿ, ಹೂವನ್ನು ಮಕ್ಕಳ ಕೈಗೆ ಕೊಟ್ಟು ಎರಚಿಸಿ. ಸಿಕ್ಕಿಕೊಳ್ಳಲು ಏನೂ ಇರುವುದಿಲ್ಲ.

ಹೂವಿನ ಎಸಳನ್ನು ಧ್ವಜದೊಳಗೆ ಇಡಬಹುದೇ ಎಂಬ ಅನುಮಾನ ಹಲವರಿಗಿದೆ. ಧ್ವಜದಲ್ಲಿ ಏನನ್ನೂ ಕಟ್ಟಿ ಒಯ್ಯಬಾರದು ಎಂಬುದು ನಿಯಮ. ರಾಷ್ಟ್ರೀಯ ದಿನಗಳಲ್ಲಿ ಬಿಚ್ಚುವ ಮೊದಲು ಎಸಳು ಇಡುವುದಕ್ಕೆ ಮಾತ್ರ ಸಂಹಿತೆಯೇ ವಿನಾಯಿತಿ ಕೊಟ್ಟಿದೆ. ಕಂಬದ ತುದಿಗೆ ಹೂಮಾಲೆ ಹಾಕುವುದಕ್ಕೆ ಆ ವಿನಾಯಿತಿ ಇಲ್ಲ. ಧ್ವಜಕ್ಕಿಂತ ಮೇಲೆ ಕಂಬದಲ್ಲಿ ಹೂವು, ಮಾಲೆ, ಲಾಂಛನ ಏನೂ ಇರಕೂಡದು.

ಕಟ್ಟುವ ಕ್ರಮ ಇದು. ಮೇಜಿನ ಮೇಲೆ ಧ್ವಜ ಹರಡಿ, ಹಗ್ಗದ ಬದಿ ನಿಮ್ಮ ಎಡಕ್ಕೆ ಬರಲಿ. ಹಸಿರು ಪಟ್ಟಿಯನ್ನು ಬಿಳಿಯ ಮೇಲೆ ಮಡಚಿ, ಅದರ ಮೇಲೆ ಕೇಸರಿಯನ್ನು ಮಡಚಿ. ಈಗ ಮೂರರಲ್ಲೊಂದು ಅಗಲದ ಉದ್ದ ಪಟ್ಟಿ ಆಯಿತು. ಎಡತುದಿಯಲ್ಲಿ ಎರಡೂ ಮೂಲೆಯ ಕುಣಿಕೆಗಳು ಹೊರಗೆ ಕಾಣುತ್ತಿರಬೇಕು. ಒಂದು ಒಳಗೆ ಹುದುಗಿದ್ದರೆ ಮತ್ತೆ ಬಿಡಿಸಿ ಮಡಚಿ. ನಡುವಿನಲ್ಲಿ ಒಂದು ಹಿಡಿ ಎಸಳು ಇಡಿ. ಸೇವಂತಿಗೆ, ಚೆಂಡುಹೂವಿನ ಬಿಡಿಸಿದ ಎಸಳು, ಕೇಪಳದ ಬಿಡಿ ಹೂ ಚೆನ್ನ. ಇಡೀ ಹೂ ಬೇಡ. ದಾಸವಾಳ ನಲುಗಿ ಬಿಳಿ ಪಟ್ಟಿಗೆ ಬಣ್ಣ ಹತ್ತಿಸುತ್ತದೆ. ಎಸಳು ಒಣಗಿರಲಿ, ಹಿಂದಿನ ರಾತ್ರಿ ನೀರು ಚಿಮುಕಿಸಿ ಇಟ್ಟದ್ದು ಬೇಡ.

ಇನ್ನು ಬಲತುದಿಯಿಂದ ಅಂಗೈ ಅಗಲಕ್ಕೆ ಹಿಂದೆ ಮುಂದೆ ನೆರಿಗೆ ಹಿಡಿಯುತ್ತಾ ಎಡಕ್ಕೆ ಬನ್ನಿ. ಸುರುಳಿ ಸುತ್ತಬೇಡಿ, ಸುರುಳಿ ಬಿಚ್ಚಲು ಗಾಳಿ ಬೇಕು, ನೆರಿಗೆ ತನ್ನ ಭಾರಕ್ಕೇ ಬಿಚ್ಚುತ್ತದೆ. ಕಟ್ಟಿನ ಮೇಲೆ, ಹಸಿರು ಮೂಲೆಯಿಂದ ಬಂದ ಕೆಳಗಿನ ಹಗ್ಗವನ್ನು ಒಂದೂವರೆ ಸುತ್ತು ಸುತ್ತಿ. ತುದಿಯನ್ನು ಪೂರ್ತಿ ತೂರಿಸದೆ, ಹಗ್ಗವನ್ನು ಇಮ್ಮಡಿ ಮಾಡಿ ಆ ಕುಣಿಕೆಯನ್ನಷ್ಟೇ ಸುತ್ತಿನ ಅಡಿಗೆ ಸಿಕ್ಕಿಸಿ. ತುದಿಯನ್ನೇ ತೂರಿಸಿದರೆ ಅದು ಬಿಗಿಗಂಟು, ಎಳೆದಷ್ಟೂ ಬಿಗಿಯುತ್ತದೆ. ಕುಣಿಕೆ ಸಿಕ್ಕಿಸಿದರೆ ಜಾರುಗಂಟು, ಎಳೆದೊಡನೆ ಸರಕ್ಕನೆ ಕಳಚುತ್ತದೆ. ಕಂಬದ ತುದಿಯಲ್ಲಿ ಸಿಕ್ಕಿಕೊಳ್ಳುವ ಧ್ವಜಗಳಲ್ಲಿ ಹೆಚ್ಚಿನವು ಸಿಕ್ಕಿಕೊಳ್ಳುವುದು ಇಲ್ಲಿ. ಎರಡನೆಯ ಕಾರಣ, ಬಿದ್ದೀತೆಂಬ ಭಯದಿಂದ ನಾಲ್ಕೈದು ಸುತ್ತು ಸುತ್ತುವುದು.

ಏರುವ ಹಗ್ಗ ಎಳೆದು ಕಟ್ಟನ್ನು ತುದಿಗೇರಿಸಿದ ಮೇಲೆ ಆ ಹಗ್ಗವನ್ನು ಬುಡದ ಕೊಕ್ಕೆಗೆ ಭದ್ರವಾಗಿ ಸುತ್ತಿ ಕಟ್ಟಿ. ಇದನ್ನು ಮರೆತರೆ ಅತಿಥಿಗಳು ಕೆಳಗಿನ ಹಗ್ಗ ಎಳೆದಾಗ ಕಟ್ಟು ಬಿಚ್ಚದೆ ಇಡಿಯಾಗಿ ಅವರ ತಲೆಯ ಮೇಲೆ ಇಳಿದು ಬರುತ್ತದೆ. ಎಳೆಯಬೇಕಾದ ಹಗ್ಗಕ್ಕೆ ಎದೆಯ ಎತ್ತರದಲ್ಲಿ ಕೆಂಪು ನೂಲು ಸುತ್ತಿ. “ಸರ್, ಕೆಂಪು ನೂಲಿನ ಹಗ್ಗ ಎಳೆಯಿರಿ, ಮೆಲ್ಲಗೆ ಒಂದೇ ಸಲ” ಎಂದು ಹೇಳಿದರೆ ಸಾಕು, ಎರಡು ಹಗ್ಗದ ನಡುವೆ ಅವರು ತಡಕಾಡಬೇಕಾಗಿಲ್ಲ.

ಇದೆಲ್ಲವನ್ನೂ ಮುನ್ನಾದಿನ ಸಂಜೆ ಬೈರಾಸಿನಲ್ಲಿ ಮಾಡಿ ನೋಡಿ, ಎಸಳಿನ ಸಮೇತ. ಮೂರು ಸಲ ಸರಿಯಾಗಿ ಬಿಚ್ಚಿದರೆ ಮಾತ್ರ ಮರುದಿನ ಬೆಳಿಗ್ಗೆ ಧ್ವಜವನ್ನು ಕಟ್ಟಿ. ಹಿಂದಿನ ರಾತ್ರಿಯೇ ಕಟ್ಟಿ ಏರಿಸಿಡಬೇಡಿ; ಇಬ್ಬನಿಗೆ ಹಗ್ಗ ಬಿಗಿಯುತ್ತದೆ.

ಸಿಕ್ಕಿಕೊಂಡರೆ ಏನು ಮಾಡಬೇಕು

ಜಗ್ಗಬೇಡಿ. ಎರಡನೆಯ ಎಳೆತಕ್ಕೆ ಬಿಚ್ಚದಿದ್ದರೆ ಹತ್ತನೆಯದಕ್ಕೂ ಬಿಚ್ಚುವುದಿಲ್ಲ, ಹಗ್ಗ ರಾಟೆಯಿಂದ ಹಾರುತ್ತದೆ ಅಥವಾ ಬಟ್ಟೆ ಹರಿಯುತ್ತದೆ. ಕೊಕ್ಕೆಯಿಂದ ಏರುವ ಹಗ್ಗ ಬಿಚ್ಚಿ ಸಡಿಲ ಬಿಡುತ್ತಾ, ಕೆಂಪು ನೂಲಿನ ಹಗ್ಗವನ್ನು ಎಳೆಯಿರಿ. ಕಟ್ಟು ಕೆಳಗೆ ಬರುತ್ತದೆ. ಕೈಯಿಂದ ಬಿಚ್ಚಿ, ಬಿಡಿಸಿದ ಧ್ವಜವನ್ನು ಏರಿಸಿ. ಒಂದು ನಿಮಿಷದ ಕೆಲಸ, ಯಾರಿಗೂ ಅವಮಾನವಿಲ್ಲ. ಹುಡುಗರನ್ನು ಕಂಬಕ್ಕೆ ಹತ್ತಿಸುವುದು, ದೋಟಿ (ಕಾಯಿ ಕೊಯ್ಯುವ ಉದ್ದ ಕೋಲು) ತಂದು ಕೆರೆಯುವುದು, ಕಬ್ಬಿಣದ ಕಂಬವನ್ನೇ ಕಿತ್ತು ವಾಲಿಸುವುದು ಇವು ಮೂರೂ ನಿಷಿದ್ಧ. ತೋಟದ ಅಲ್ಯೂಮಿನಿಯಂ ದೋಟಿಯನ್ನಂತೂ ತಂತಿ ಇರುವ ಅಂಗಳಕ್ಕೆ ತರಲೇಬೇಡಿ.

ಹಂತ 6: ಬೆಳಗಿನ ಕ್ರಮ

ಶಾಲೆಗಳಿಗೆ ಸಂಹಿತೆಯಲ್ಲಿ ಒಂದು ಮಾದರಿ ಇದೆ. ಮಕ್ಕಳು ಚೌಕದ ಮೂರು ಬದಿಯಲ್ಲಿ ನಿಲ್ಲುತ್ತಾರೆ, ನಾಲ್ಕನೆಯ ಬದಿಯ ನಡುವೆ ಧ್ವಜಸ್ತಂಭ. ಮುಖ್ಯೋಪಾಧ್ಯಾಯರು, ವಿದ್ಯಾರ್ಥಿ ನಾಯಕ, ಧ್ವಜ ಹಾರಿಸುವವರು ಸ್ತಂಭದಿಂದ ಮೂರು ಹೆಜ್ಜೆ ಹಿಂದೆ ನಿಲ್ಲುತ್ತಾರೆ. ಅಂಗಳ ಚಿಕ್ಕದಿದ್ದರೆ ಅರ್ಧಚಂದ್ರವಾದರೂ ಸರಿ. ಎಲ್ಲರ ಮುಖ ಧ್ವಜದ ಕಡೆಗೆ ಇರಬೇಕು.

ಏರಿಸುವಾಗ ಚುರುಕಾಗಿ, ಇಳಿಸುವಾಗ ನಿಧಾನವಾಗಿ. ಧ್ವಜ ತುದಿ ಮುಟ್ಟಿ ಹಗ್ಗ ಕಟ್ಟಿದ ಮೇಲೆಯೇ ರಾಷ್ಟ್ರಗೀತೆ ಶುರುವಾಗಲಿ. ಮೈಕಿನವರು ಅರ್ಧ ಏರುವಾಗಲೇ ಹಾಡು ಹಾಕಿಬಿಡುತ್ತಾರೆ, ಅವರ ಪಕ್ಕ ಒಬ್ಬರನ್ನು ನಿಲ್ಲಿಸಿ. ಸುಮಾರು 52 ಸೆಕೆಂಡಿನ ಗೀತೆ ಮುಗಿಯುವವರೆಗೆ ಸಾವಧಾನ ಭಂಗಿ. ಸಮವಸ್ತ್ರದ ಪೊಲೀಸರು, ಎನ್‌ಸಿಸಿ, ಸ್ಕೌಟ್ ಮಕ್ಕಳು ವಂದನೆ ಸಲ್ಲಿಸುತ್ತಾರೆ. ಉಳಿದವರು ನೆಟ್ಟಗೆ ನಿಂತರೆ ಸಾಕು. ಮೊಬೈಲ್ ಹಿಡಿದು ಚೌಕದೊಳಗೆ ನುಗ್ಗುವ ಚಿತ್ರಗ್ರಾಹಕರಿಗೆ ಮೊದಲೇ ಒಂದು ಜಾಗ ತೋರಿಸಿಡಿ.

ವೇದಿಕೆಯ ಮೇಲೆ ಧ್ವಜ ಇಡುವುದಾದರೆ ಸಭಿಕರತ್ತ ಮುಖ ಮಾಡಿ ನಿಂತ ಭಾಷಣಕಾರರ ಬಲಕ್ಕೆ ಇಡಿ. ಗೋಡೆಗೆ ಉದ್ದುದ್ದವಾಗಿ ಇಳಿಬಿಡುವುದಾದರೆ ನೋಡುವವರ ಎಡಕ್ಕೆ ಕೇಸರಿ ಬರಬೇಕು. ಮೇಜಿಗೆ ಹೊದಿಸುವುದು, ಉದ್ಘಾಟನೆಯ ಫಲಕ ಮುಚ್ಚಲು ಬಳಸುವುದು ಸಲ್ಲದು.

ಹಂತ 7: ಸುತ್ತಲಿನ ಬಾವುಟಗಳು

ನಮ್ಮ ಜಿಲ್ಲೆಯ ಪ್ರತಿ ಕವಲುದಾರಿಯಲ್ಲಿ ಪಕ್ಷಗಳ ಕಂಬಗಳಿವೆ, ಬಣ್ಣ ಬಳಿದ, ಇಪ್ಪತ್ತು ಅಡಿಯ ಕಂಬಗಳು. ಅವುಗಳ ನಡುವೆ ರಿಕ್ಷಾ ನಿಲ್ದಾಣದವರೋ ಕ್ಲಬ್ಬಿನವರೋ ಹತ್ತಡಿಯ ಬಿದಿರು ನೆಟ್ಟು ರಾಷ್ಟ್ರಧ್ವಜ ಹಾರಿಸುತ್ತಾರೆ. ಉದ್ದೇಶ ಒಳ್ಳೆಯದು, ಕ್ರಮ ತಪ್ಪು. ಬೇರಾವ ಬಾವುಟವೂ ರಾಷ್ಟ್ರಧ್ವಜಕ್ಕಿಂತ ಎತ್ತರದಲ್ಲಿ, ಅದರ ಮೇಲೆ ಅಥವಾ ಅದಕ್ಕೆ ಸಮನಾಗಿ ಒತ್ತಿನಲ್ಲಿ ಇರಕೂಡದು. ಒಂದೇ ಕಂಬದಲ್ಲಿ ಎರಡು ಬಾವುಟ ಖಂಡಿತ ಕೂಡದು. ಅಂಥ ಜಾಗದಿಂದ ಸರಿದು ಶಾಲೆಯ ಅಥವಾ ವಾಚನಾಲಯದ ಅಂಗಳದಲ್ಲಿ ಹಾರಿಸಿ. ರಸ್ತೆ ಬದಿಯಲ್ಲಿ ಹೊಸ ಕಂಬ ನೆಡುವುದಕ್ಕೆ ಅನುಮತಿಯೂ ಬೇಕು.

ನವೆಂಬರ್ 1ರ ಪ್ರಶ್ನೆ ನಮಗೆ ವಿಶೇಷವಾದದ್ದು. ಒಂದೇ ದಿನ ಕೇರಳದ ಹುಟ್ಟುಹಬ್ಬ, ಕನ್ನಡ ರಾಜ್ಯೋತ್ಸವ. ಕನ್ನಡ ಸಂಘಗಳು ಹಳದಿ ಕೆಂಪು ಬಾವುಟ ಹಾರಿಸುತ್ತವೆ. ಅದರೊಂದಿಗೆ ರಾಷ್ಟ್ರಧ್ವಜವೂ ಇರಲಿ ಎಂದಾದರೆ ಬೇರೆ ಬೇರೆ ಕಂಬ, ರಾಷ್ಟ್ರಧ್ವಜದ ಕಂಬ ಸ್ಪಷ್ಟವಾಗಿ ಎತ್ತರ, ಎರಡರ ನಡುವೆ ಕಣ್ಣಿಗೆ ಕಾಣುವಷ್ಟು ಅಂತರ. ಎದುರು ನಿಂತು ನೋಡುವವರಿಗೆ ರಾಷ್ಟ್ರಧ್ವಜ ಎಡಕ್ಕೆ ಕಾಣಬೇಕು. ಏರಿಸುವಾಗ ಅದು ಮೊದಲು, ಇಳಿಸುವಾಗ ಅದು ಕೊನೆಗೆ. ಎರಡು ಕಂಬಕ್ಕೆ ಅನುಕೂಲವಿಲ್ಲದಿದ್ದರೆ ಅಂದು ಕನ್ನಡದ ಬಾವುಟ ಒಂದೇ ಸಾಕು, ಒಂದೇ ಕಂಬದಲ್ಲಿ ಮೇಲೊಂದು ಕೆಳಗೊಂದು ಕಟ್ಟಿ ತಾಪತ್ರಯ ತಂದುಕೊಳ್ಳಬೇಡಿ.

ಕಾಗದದ ಧ್ವಜಗಳನ್ನು ದಾರಕ್ಕೆ ಪೋಣಿಸಿ ಅಂಗಳದುದ್ದಕ್ಕೂ ತೋರಣ ಕಟ್ಟುವುದು ಎಲ್ಲೆಡೆ ಕಾಣುತ್ತದೆ. ಧ್ವಜವನ್ನು ತೋರಣವಾಗಿ ಬಳಸಬಾರದು. ಚಕ್ರವಿಲ್ಲದ ಬಣ್ಣದ ಕಾಗದದ ಪಟ್ಟಿ ಕಟ್ಟಿ, ಎಳೆ ತೆಂಗಿನ ಗರಿ ಕಟ್ಟಿ. ಗರಿಯಷ್ಟು ಚಂದ ಯಾವುದೂ ಇಲ್ಲ. ಕಾರು, ರಿಕ್ಷಾದ ಮೇಲೆ ಧ್ವಜ ಹೊದಿಸಕೂಡದು. ಕಾರಿನ ಮುಂದೆ ಧ್ವಜ ಹಾರಿಸುವ ಹಕ್ಕು ಸಂಹಿತೆ ಪಟ್ಟಿ ಮಾಡಿದ ಗಣ್ಯರಿಗೆ ಮಾತ್ರ.

ಹಂತ 8: ಸಂಜೆ ಇಳಿಸುವುದು

2022ರ ಜುಲೈ ತಿದ್ದುಪಡಿಯ ಬಳಿಕ ಬಯಲಿನಲ್ಲಿ ಅಥವಾ ಮನೆಯ ಮೇಲೆ ಸಾರ್ವಜನಿಕರು ಹಗಲು ರಾತ್ರಿ ಧ್ವಜ ಹಾರಿಸಬಹುದು. ಇದನ್ನೇ ನೆವ ಮಾಡಿಕೊಂಡು ಇಳಿಸುವುದನ್ನೇ ಬಿಟ್ಟವರಿದ್ದಾರೆ. ಜಾತ್ರೆಗೆ ಕೊಡಿ (ದೇವಸ್ಥಾನದ ಧ್ವಜ) ಏರಿಸಿದವರು ಕೊಡಿ ಇಳಿಸದೆ ಮನೆಗೆ ಹೋಗುತ್ತಾರೆಯೇ? ಸರಕಾರಿ ಕಟ್ಟಡಗಳಲ್ಲಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಎಂಬ ಪದ್ಧತಿ ಇದ್ದೇ ಇದೆ. ಶಾಲೆ, ಅಂಗನವಾಡಿ, ಪಂಚಾಯತ್ ಕಚೇರಿಗಳು ಸೂರ್ಯಾಸ್ತಕ್ಕೆ ಇಳಿಸುವುದೇ ಕ್ಷೇಮ. ಆಗಸ್ಟ್ ನಡುವಿನಲ್ಲಿ ನಮ್ಮಲ್ಲಿ ಸೂರ್ಯ ಮುಳುಗುವುದು ಆರೂಮುಕ್ಕಾಲರ ಸುಮಾರಿಗೆ. ಆರೂವರೆಗೆ ಕಂಬದ ಬುಡದಲ್ಲಿರಿ. ರಾತ್ರಿ ಹಾರಿಸುವುದಾದರೆ ಅದು ಹರಿಯದೆ, ಸುತ್ತಿಕೊಳ್ಳದೆ ಇದೆಯೇ ಎಂದು ದಿನಾ ನೋಡುವ ಹೊಣೆ ನಿಮ್ಮದು.

ಇಳಿಸಲು ಇಬ್ಬರು ಬೇಕು. ಒಬ್ಬರು ಹಗ್ಗ ಬಿಡುತ್ತಾರೆ, ಇನ್ನೊಬ್ಬರು ಎರಡೂ ಕೈಗಳಲ್ಲಿ ಧ್ವಜವನ್ನು ಹಿಡಿದುಕೊಳ್ಳುತ್ತಾರೆ. ಕತ್ತಲಾದ ಮೇಲೆ ಒಬ್ಬರೇ ಇಳಿಸಿದರೆ ನೆಲಕ್ಕೆ ಬೀಳುವುದು ಖಚಿತ. ಹಗ್ಗ ಸಿಕ್ಕಿಕೊಂಡರೆ ಕತ್ತಲಲ್ಲಿ ಕಂಬದ ಗೊಡವೆಗೆ ಹೋಗದೆ ಬೆಳಗಾಗಲಿ ಎಂದು ಬಿಡಿ.

ಮಡಚುವ ಕ್ರಮ: ಧ್ವಜವನ್ನು ಅಡ್ಡಲಾಗಿ ಹಿಡಿದು, ಕೇಸರಿ ಮತ್ತು ಹಸಿರನ್ನು ಬಿಳಿಯ ಅಡಿಗೆ ಮಡಚಿ. ಆಮೇಲೆ ಎರಡೂ ತುದಿಗಳಿಂದ ಒಳಕ್ಕೆ ಮಡಚುತ್ತಾ ಬಂದರೆ ಮೇಲೆ ಚಕ್ರ ಮಾತ್ರ, ಅಂಚಿನಲ್ಲಿ ಕೇಸರಿ ಹಸಿರಿನ ಗೆರೆ ಕಾಣುತ್ತದೆ. ಅಂಗೈಗಳ ಮೇಲೆ ಇಟ್ಟು ಒಯ್ಯಿರಿ. ಒದ್ದೆಯಾಗಿದ್ದರೆ ಮಡಚುವ ಮೊದಲು ಒಳಗೆ ನೆರಳಿನಲ್ಲಿ ಹರಡಿ ಒಣಗಿಸಿ. ಒದ್ದೆ ಧ್ವಜವನ್ನು ಮಡಚಿ ಕಪಾಟಿನಲ್ಲಿಟ್ಟರೆ ಜನವರಿಯಲ್ಲಿ ಬಿಳಿ ಪಟ್ಟಿಯ ಮೇಲೆ ಬೂಷ್ಟಿನ ಚುಕ್ಕಿಗಳೂ ಕೇಸರಿ ಹರಿದ ಗುರುತುಗಳೂ ಸಿಗುತ್ತವೆ.

ಅರ್ಧಕ್ಕೆ ಇಳಿಸುವುದು ಸರಕಾರದ ಆದೇಶ ಬಂದಾಗ ಮಾತ್ರ. ಆಗಲೂ ಮೊದಲು ತುದಿಯವರೆಗೆ ಏರಿಸಿ, ಆಮೇಲೆ ಅರ್ಧಕ್ಕೆ ತರಬೇಕು. ಸಂಜೆ ಇಳಿಸುವ ಮುನ್ನ ಮತ್ತೊಮ್ಮೆ ತುದಿ ಮುಟ್ಟಿಸಬೇಕು.

ಹಂತ 9: ಹಳತಾದದ್ದು, ಹರಿದದ್ದು, ಕಾಗದದ್ದು

ಧ್ವಜ ಮೊದಲು ಸವೆಯುವುದು ಕಂಬದಿಂದ ದೂರದ ಅಂಚಿನಲ್ಲಿ. ಅಲ್ಲಿ ಹೊಲಿಗೆ ಬಿಟ್ಟು ನೂಲು ನೇತಾಡತೊಡಗಿದರೆ ಹೊಸತು ತರುವ ಹೊತ್ತಾಯಿತು. ಹರಿದ, ಬಣ್ಣಗೆಟ್ಟ ಧ್ವಜವನ್ನು ಹಾರಿಸುವಂತಿಲ್ಲ. ತೇಪೆ ಹಾಕಿ ಏರಿಸುವ ಜಿಪುಣತನವೂ ಬೇಡ.

ಹಳತನ್ನು ಮೇಜು ಒರೆಸುವ ಬಟ್ಟೆ ಮಾಡುವುದು, ಕತ್ತರಿಸುವುದು, ಗುಜರಿಗೆ ಹಾಕುವುದು ಕೂಡದು. ಇಡಿಯಾಗಿ, ಖಾಸಗಿಯಾಗಿ, ಗೌರವದಿಂದ ವಿಲೇವಾರಿ ಮಾಡಬೇಕು. ಸುಡುವುದು ಉತ್ತಮ ಎಂದು ಸಂಹಿತೆಯೇ ಹೇಳುತ್ತದೆ. ಖಾದಿ, ಹತ್ತಿ ಸುಲಭವಾಗಿ ಉರಿಯುತ್ತವೆ. ಪಾಲಿಯೆಸ್ಟರ್ ಕರಗಿ ಕಪ್ಪು ಹೊಗೆ ಬಿಡುತ್ತದೆ, ಅದನ್ನು ಮಕ್ಕಳಿಲ್ಲದ ಬಯಲಿನಲ್ಲಿ ಗಾಳಿಗೆ ಬೆನ್ನು ಮಾಡಿ ನಿಂತು ಸುಡಿ.

ಮಕ್ಕಳು ಬೀಸಿದ ಕಾಗದದ ಧ್ವಜಗಳು ಪಾಯಸದ ಲೋಟಗಳ ಜೊತೆ ಅಂಗಳದಲ್ಲಿ ಬಿದ್ದಿರುತ್ತವೆ. ಗೇಟಿನ ಬಳಿ ಒಂದು ರಟ್ಟಿನ ಪೆಟ್ಟಿಗೆ ಇಟ್ಟು, ಹೋಗುವಾಗ ಅದರಲ್ಲಿ ಹಾಕಿಸಿ. ಪ್ಲಾಸ್ಟಿಕ್ ಧ್ವಜಗಳನ್ನು ಕೊಳ್ಳಲೇಬೇಡಿ. ಪೆಟ್ಟಿಗೆಯಲ್ಲಿ ಸೇರಿದ್ದನ್ನು ಮನೆಮನೆಯ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಚೀಲಕ್ಕೆ ಕಸದ ಜೊತೆ ತುಂಬಿಸಿ ಕಳುಹಿಸಬೇಡಿ. ಕಡ್ಡಿಗಳನ್ನು ಬೇರ್ಪಡಿಸಿ, ಕಾಗದವನ್ನು ಹಿಂದಿನ ಪರಿಚ್ಛೇದದಲ್ಲಿ ಹೇಳಿದ ಹಾಗೆಯೇ ಸುಡಿ. ಮಳೆ ಬಿಡದಿದ್ದರೆ ಪೆಟ್ಟಿಗೆಯನ್ನು ಒಣಜಾಗದಲ್ಲಿ ಎತ್ತಿಟ್ಟು ಬಿಸಿಲು ಬಂದ ದಿನ ಆ ಕೆಲಸ ಮುಗಿಸಿ.